ರಾಗಿಯೂ ಉಸಿರಾಡುತ್ತದೆ

ಅರಕಲಗೂಡು
೧೯ ಜನವರಿ ೨೦೨೫, ಭಾನುವಾರ

ಪ್ರೀತಿಯ ಸಿಂಧು,

ನಿನಗೂ ಪುಟ್ಟಿಗೂ ನನ್ನ ಆಶೀರ್ವಾದ. ನಿಮ್ಮ ತಂದೆ ತಾಯಿಗೆ ನನ್ನ ನಮಸ್ಕಾರ ಹೇಳು. ಅವರು ತೆಗೆದುಕೊಳ್ಳದಿದ್ದರೆ ಬಲವಂತ ಮಾಡಬೇಡ. ಇಲ್ಲಿ ನಾನೂ ಅಪ್ಪನೂ ಇದ್ದೇವೆ. ಕ್ಷೇಮ ಎಂದು ಬರೆಯಬೇಕಾದ ಜಾಗದಲ್ಲಿ ಪೆನ್ನು ನಿಂತುಬಿಡುತ್ತದೆ, ಅದಕ್ಕೇ ಇದ್ದೇವೆ ಅಂತ ಬರೆದಿದ್ದೇನೆ.

ನಾಲ್ಕು ತಿಂಗಳಾದರೂ ನಿನಗೆ ಒಂದು ಸಾಲು ಬರೆಯಲಿಲ್ಲ, ತಪ್ಪು ನನ್ನದೇ. ಮೊದಮೊದಲು ಫೋನ್ ಮಾಡುತ್ತಿದ್ದೆ, ನೀನು ಎತ್ತಲಿಲ್ಲ. ಆಮೇಲೆ ರಿಂಗ್ ಆಗುವುದೂ ನಿಂತಿತು. ನಿನ್ನ ತಮ್ಮ ಅಭಿಷೇಕ್ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕೇಳಿದರೆ, ತಲೆ ಕೆರೆದುಕೊಂಡು "ಅಕ್ಕ ನಿಮ್ ನಂಬರ್ ಬ್ಲಾಕ್ ಮಾಡವ್ಳೆ ಮೇಡಂ" ಅಂದ. ನಿನ್ನ ಮದುವೆಯಾದ ದಿನದಿಂದ ಆ ಹುಡುಗನಿಗೂ ನಾನು ಅಕ್ಕನೇ ಆಗಿದ್ದೆ. ಈಗ ಮೇಡಂ ಆಗಿದ್ದೇನೆ. ಬ್ಲಾಕ್ ಮಾಡಿದ್ದಕ್ಕೆ ನನಗೆ ಬೇಜಾರಿಲ್ಲ, ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಫೋನನ್ನೇ ಹೇಮಾವತಿಗೆ ಎಸೆಯುತ್ತಿದ್ದೆ. ಆದರೆ ಅಂಚೆಯವನನ್ನು ಬ್ಲಾಕ್ ಮಾಡುವುದಕ್ಕೆ ಬರುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ಹರಿಯುವುದಾದರೆ ಓದಿ ಹರಿ.

ಅಪ್ಪ ಈಗ ನನ್ನ ಜೊತೆ ಇಲ್ಲೇ ಇದ್ದಾನೆ. ಊರಿನ ಮನೆಗೆ ಬೀಗ ಹಾಕಿ, ದನ ಎರಡನ್ನೂ ಪಕ್ಕದ ಮನೆಯ ಸಿದ್ದೇಶನಿಗೆ ಒಪ್ಪಿಸಿ ಬಂದೆವು. ಸಂಕ್ರಾಂತಿಗೆ ಎಳ್ಳು ಬೀರಲಿಲ್ಲ, ವರ್ಷದ ಸೂತಕ. ಮಕ್ಕಳಿಗೆ ಪೂರ್ವಸಿದ್ಧತಾ ಪರೀಕ್ಷೆ ಬಂತು. ಹತ್ತನೇ ಕ್ಲಾಸಿನವರು ಎಂದಿನಂತೆ ಹೃದಯದ ಚಿತ್ರವನ್ನು ಬದನೆಕಾಯಿಯ ಹಾಗೆ ಬರೆಯುತ್ತಾರೆ, ನಾನು ಎಂದಿನಂತೆ ಬೈಯುತ್ತೇನೆ. ಅಪ್ಪನ ದಮ್ಮು ಜಾಸ್ತಿಯಾಗಿದೆ. ಹರೆಯದಲ್ಲಿ ರಾಮನಾಥಪುರದ ಕಡೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನುಗಳಲ್ಲಿ ಸೌದೆ ಒಟ್ಟಿ ಹೊಗೆ ಕುಡಿದ ಎದೆ, ಈ ಚಳಿಗೆ ಕುಯ್ಯೋ ಅನ್ನುತ್ತದೆ. ಪುಟ್ಟಿ ಅವನ ಎದೆಗೆ ಕಿವಿಯಿಟ್ಟು "ತಾತನ್ ಒಳಗೆ ಬೆಕ್ಕಿನ್ ಮರಿ ಐತೆ" ಅನ್ನುತ್ತಿದ್ದಳಲ್ಲ, ಈಗ ಆ ಮರಿ ದೊಡ್ಡದಾಗಿದೆ. ಡಾಕ್ಟರು ಕೊಟ್ಟ ಇನ್‌ಹೇಲರನ್ನು ತಲೆದಿಂಬಿನ ಕೆಳಗಿಟ್ಟು ಮಲಗುತ್ತಾನೆ. ಎಳೆದುಕೋ ಅಂದರೆ "ಯಾಕವ್ವ, ಎಳ್ಕಂಡು ಏನ್ ಮಾಡ್ಬೇಕು" ಅನ್ನುತ್ತಾನೆ.

ವಿಷಯಕ್ಕೆ ಬರುತ್ತೇನೆ. ಸುತ್ತಿ ಬಳಸುವುದು ನನ್ನ ಗುಣವಲ್ಲ ಅಂತ ನಿನಗೆ ಗೊತ್ತು. ಅಪ್ಪನಿಗೆ ಒಂದು ಸಲ ಪುಟ್ಟಿಯನ್ನು ತೋರಿಸು. ಈ ಕಾಗದ ಬರೆಯುತ್ತಿರುವುದು ಅದೊಂದಕ್ಕೇ. ಅವನು ಬಾಯಿಬಿಟ್ಟು ಕೇಳಿದ್ದು ಒಂದೇ ಸಲ: "ಆ ಕೂಸ್ನ ಒಂದ್ ಕಿತ ನೋಡ್ಬೋದಾ, ಕೇಳ್ತೀಯೇನವ್ವ?" ಕೇಳುತ್ತೇನೆ ಅಂದೆ, ಆದರೆ ಕೇಳಲಿಲ್ಲ. ಅಪ್ಪ ಮತ್ತೆ ಆ ಮಾತು ಎತ್ತಿಲ್ಲ. ಸ್ಕೂಲಿನ ಮಕ್ಕಳು ಗುಂಪಾಗಿ ಹೋಗುವ ಹೊತ್ತಿಗೆ ಸರಿಯಾಗಿ ಬಾಗಿಲ ಮೆಟ್ಟಿಲ ಮೇಲೆ ಹೋಗಿ ಕೂರುತ್ತಾನೆ, ಅಷ್ಟೆ.

ತಿಥಿಯ ದಿನ ನೀನು ಎಲ್ಲರೆದುರು ಆಡಿದ ಮಾತು ನನಗೆ ನೆನಪಿದೆ. "ಇವರು ಮರೆತಿದ್ದಕ್ಕೆ ನನ್ ಗಂಡ ಹೋದರು. ಇನ್ನು ನನ್ ಮಗೂನ ಇವರ ಕಣ್ಣಿಗೆ ಬೀಳಿಸಲ್ಲ." ಮೂವತ್ತೊಂದು ವರ್ಷಕ್ಕೆ ಗಂಡನನ್ನು ಕಳೆದುಕೊಂಡವಳು ಇನ್ನೇನು ಆಡುತ್ತಾಳೆ! ನಾನು ನಿನ್ನನ್ನು ತಪ್ಪು ಅನ್ನುತ್ತಿಲ್ಲ. ಆದರೆ ಅವತ್ತು ನಡೆದದ್ದನ್ನು ನಿನ್ನ ಮುಂದೆ ಕೂತು ಮೊದಲಿನಿಂದ ಕೊನೆಯವರೆಗೆ ಯಾರೂ ಹೇಳಲಿಲ್ಲ. ಒಬ್ಬೊಬ್ಬರು ಒಂದೊಂದು ತುಂಡು ಹೇಳಿದರು. ನೀನು ಗೌರಿ ಬಾಗಿನಕ್ಕೆ ಅಂತ ಪುಟ್ಟಿಯನ್ನು ಕರೆದುಕೊಂಡು ತವರಿಗೆ ಹೋಗಿದ್ದೆ. ಅಲ್ಲಿದ್ದವಳು ನಾನು. ಹೇಳುವುದು ನನ್ನ ಕೆಲಸ.

ಪೇಟೆಯಲ್ಲಿ ಬೆಳೆದ ನಿನಗೆ ಹಗೇವು ಅಂದರೆ ಅಂಗಳದಲ್ಲಿ ಮಣ್ಣು ಮೆತ್ತಿದ ಒಂದು ಚಪ್ಪಡಿ, ಪುಟ್ಟಿ ಕುಂಟೆಬಿಲ್ಲೆ ಆಡುವ ಜಾಗ. ಆ ಚಪ್ಪಡಿಯ ಕೆಳಗೆ ಎರಡು ಆಳು ಆಳದ ಗುಂಡಿಯಿದೆ. ಬಾಯಿ ಕಿರಿದು, ಹೊಟ್ಟೆ ಅಗಲ. ನಮ್ಮ ತಾತ ಗಟ್ಟಿ ನೆಲ ನೋಡಿ ತೋಡಿಸಿದ್ದು. ಸುತ್ತ ರಾಗಿಹುಲ್ಲು ಒತ್ತಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮೆತ್ತಿದರೆ ಹತ್ತು ವರ್ಷವಾದರೂ ಹುಳ ಹಿಡಿಯುವುದಿಲ್ಲ. ಊರಲ್ಲಿ ಎಲ್ಲರೂ ತಮ್ಮ ಹಗೇವು ಮುಚ್ಚಿ ಚೀಲಕ್ಕೆ ಹೋದರು. ನಮ್ಮಪ್ಪ ಮಾತ್ರ "ಚೀಲದ್ ರಾಗಿ ಮುದ್ದೆ ಮುದ್ದೆನೇನ್ಲಾ" ಅಂತ ಹಟ ಹಿಡಿದು ಉಳಿಸಿಕೊಂಡಿದ್ದ.

ಹುಳ ಯಾಕೆ ಹಿಡಿಯುವುದಿಲ್ಲ ಅಂತ ನಾನು ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಹೇಳುತ್ತಾ ಬಂದಿದ್ದೇನೆ. ಒಣಗಿದ ರಾಗಿ ಸತ್ತಿಲ್ಲ, ಮಲಗಿದೆ. ಮಲಗಿದ್ದರೂ ಉಸಿರಾಡುತ್ತದೆ. ನಮ್ಮ ಮೈಯ ಒಂದೊಂದು ಜೀವಕೋಶ ಏನು ಮಾಡುತ್ತದೋ ಒಂದೊಂದು ಕಾಳೂ ಅದನ್ನೇ ಮಾಡುತ್ತದೆ. ಆಮ್ಲಜನಕ ತೆಗೆದುಕೊಂಡು, ಒಳಗಿರುವ ಹಿಟ್ಟನ್ನು ಚೂರುಚೂರೇ ಸುಟ್ಟು, ಶಾಖ ಮಾಡಿಕೊಂಡು, ಇಂಗಾಲದ ಡೈ ಆಕ್ಸೈಡು ಬಿಡುತ್ತದೆ. ಮುಚ್ಚಿದ ಗುಂಡಿಯಲ್ಲಿ ಇದ್ದಬದ್ದ ಆಮ್ಲಜನಕವನ್ನೆಲ್ಲ ರಾಗಿಯೇ ಉಂಡು ಮುಗಿಸುತ್ತದೆ, ಆಮೇಲೆ ಅಲ್ಲಿ ಹುಳವೂ ಬದುಕುವುದಿಲ್ಲ. ಹುಳ ಬದುಕದ ಕಡೆ ಮನುಷ್ಯ ಬದುಕುತ್ತಾನೆಯೇ? ಅದಕ್ಕೇ ಹಗೇವು ತೆಗೆದರೆ ಒಂದು ರಾತ್ರಿ ಬಾಯಿ ಬಿಟ್ಟಿರುತ್ತಾರೆ. ಮಾರನೇ ಬೆಳಿಗ್ಗೆ ಎಣ್ಣೆ ದೀಪ ಹಚ್ಚಿ, ಚಿಕ್ಕ ಬುಟ್ಟಿಯಲ್ಲಿಟ್ಟು, ಹಗ್ಗದಲ್ಲಿ ಕೆಳಗೆ ಬಿಡುತ್ತಾರೆ. ದೀಪ ಉರಿದರೆ ಇಳಿಯಬಹುದು. ಆರಿದರೆ ಹೊಂಗೆ ಸೊಪ್ಪಿನ ಕಟ್ಟನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸಿ, ಗಾಳಿ ಕಲಕಿ, ಮತ್ತೆ ದೀಪ ಬಿಡಬೇಕು. ಓದು ಬರಹ ಬಾರದವರು ಕಂಡುಕೊಂಡ ಉಪಾಯ, ಯಾವ ಪ್ರಯೋಗಶಾಲೆಗೂ ಕಡಿಮೆಯಿಲ್ಲ.

ಹೋದ ವರ್ಷ ಮಳೆ ಜೋರು. ಚಪ್ಪಡಿಯ ಒಂದು ಮಗ್ಗುಲಲ್ಲಿ ಮಣ್ಣು ಬಿರಿದು ಒಳಗೆ ನೀರು ಇಳಿದಿತ್ತು. ಗಣೇಶನ ಹಬ್ಬದ ದಿನ ಅಪ್ಪ ಅಂಗಳದಲ್ಲಿ ಮೂಸಿ ನೋಡಿ "ಉಳಿ ವಾಸ್ನೆ ಬತ್ತಾ ಅದೆ ಕಣ್ಲಾ, ರಾಗಿ ಮೊಳಕೆ ಒಡೀತಾ ಅದೆ" ಅಂದ. ನೆಂದ ಕಾಳು ಒಣಕಾಳಿಗಿಂತ ಎಷ್ಟೋ ಪಾಲು ಜೋರಾಗಿ ಉಸಿರಾಡುತ್ತದೆ, ಇದೂ ನನ್ನ ಪಾಠದಲ್ಲಿದೆ. ಸಂಜೆ ನನ್ನ ತಮ್ಮ ಅನಿಲ್‌ಕುಮಾರನೂ ಸಿದ್ದೇಶನೂ ಚಪ್ಪಡಿ ಸರಿಸಿದರು. ಭಾನುವಾರ ಬೆಳಿಗ್ಗೆ ಉಳಿದ ರಾಗಿಯನ್ನೆಲ್ಲ ಮೇಲೆತ್ತಿ ಒಣಗಿಸುವುದು ಅಂತ ಮಾತಾಯಿತು. ಅರ್ಧ ಹಗೇವು ಆಗಲೇ ಖಾಲಿಯಾಗಿತ್ತು. ಅಂದರೆ ಕಾಳು ಮುಟ್ಟಬೇಕಾದರೆ ಪೂರ್ತಿ ಒಳಗೆ ಇಳಿಯಬೇಕು.

ಬೆಳಿಗ್ಗೆ ಒಂಬತ್ತೂವರೆ. ಸಿದ್ದೇಶ ಚೀಲ ತರಲು ಅವನ ಮನೆಗೆ ಹೋಗಿದ್ದ. ಕಾಳು ಎಷ್ಟು ಕೆಳಗಿದೆ ನೋಡುವುದಕ್ಕೆ ಅನಿಲ್ ರೀಚಾರ್ಜ್ ಲೈಟನ್ನು ಹಗ್ಗಕ್ಕೆ ಕಟ್ಟಿ ಬಿಟ್ಟ. ದೀಪ ಬಿಡುವುದನ್ನು ಅಪ್ಪ ಮರೆತ. ಎಪ್ಪತ್ತೆಂಟು ವರ್ಷ ಸಿಂಧು, ಹಬ್ಬದ ಗಡಿಬಿಡಿ, ಮರೆವು ಯಾರಿಗಿಲ್ಲ ಹೇಳು! ಅನಿಲ್ ಏಣಿಯಿಟ್ಟು ಇಳಿದ. ಕೆಳಗೆ ಕಾಲು ಊರಿ ಬಗ್ಗಿ ಬುಟ್ಟಿಗೆ ಎರಡು ಬೊಗಸೆ ರಾಗಿ ತುಂಬಿದ. ಮೂರನೇ ಸಲ ಬಗ್ಗಿದವನು ಮೇಲೆ ಏಳಲಿಲ್ಲ.

ನನಗೆ ಗೊತ್ತಾಯಿತು. ಆ ಕ್ಷಣದಲ್ಲಿ ಎಲ್ಲ ಗೊತ್ತಾಯಿತು.

ಸಿದ್ದೇಶ ಓಡಿ ಬಂದವನೇ ಏಣಿಗೆ ಕಾಲಿಟ್ಟ. ನಾನು ಅವನ ಅಂಗಿ ಹಿಡಿದು ಎಳೆದೆ. "ಬುಡಕ್ಕಾ, ಕಣ್ಮುಂದೆ ಬಿದ್ದವ್ನೆ, ಬುಡು" ಅಂತ ಕೂಗಿಕೊಂಡ. ಕೆನ್ನೆಗೆ ಒಂದು ಬಿಗಿದೆ. "ಇಳಿದರೆ ನೀನೂ ಸಾಯ್ತೀಯ, ಎರಡು ಹೆಣ ಎತ್ತಬೇಕಾಗುತ್ತೆ, ಹೋಗು, ರಾಶಿ ತೂರೋ ಫ್ಯಾನು ತಗಂಬಾ" ಅಂದೆ. ಫ್ಯಾನು ತಂದು, ವೈರು ಎಳೆದು, ಬಾಯಿಗೆ ತಿರುಗಿಸಿ ಗಾಳಿ ನುಗ್ಗಿಸಿ, ಅವನ ಸೊಂಟಕ್ಕೆ ಹಗ್ಗ ಕಟ್ಟಿ, ಉಸಿರು ಬಿಗಿಹಿಡಿಸಿ ಇಳಿಸಿ, ಅನಿಲನನ್ನು ಕಟ್ಟಿ ಮೇಲೆಳೆಯುವ ಹೊತ್ತಿಗೆ ಹನ್ನೆರಡು ನಿಮಿಷ. ನಾನು ಗಡಿಯಾರ ನೋಡುತ್ತಿದ್ದೆ. ಆಮ್ಲಜನಕ ಇಲ್ಲದೆ ಮಿದುಳಿನ ಜೀವಕೋಶ ನಾಲ್ಕೈದು ನಿಮಿಷ ತಡೆಯುತ್ತದೆ. ಅದು ಗೊತ್ತಿದ್ದುಕೊಂಡು ಹನ್ನೆರಡು ನಿಮಿಷ ನಿಂತು ನೋಡುವುದು ಏನು ಅಂತ ನನ್ನ ಶತ್ರುವಿಗೂ ಗೊತ್ತಾಗುವುದು ಬೇಡ. ಆದರೂ ಸಿದ್ದೇಶನನ್ನು ತಡೆದದ್ದು ಸರಿ. ಇವತ್ತೂ ಅದನ್ನೇ ಹೇಳುತ್ತೇನೆ, ದೇವರ ಮುಂದೂ ಹೇಳುತ್ತೇನೆ. ಅವನ ತಾಯಿ ಲಕ್ಕಮ್ಮ ವಾರಕ್ಕೊಮ್ಮೆ ಬಸ್ಸು ಹತ್ತಿ ಇಲ್ಲಿಗೆ ಬಂದು, ಸೊಗಡವರೆಕಾಯಿಯೋ ಹಾಲೋ ಇಟ್ಟು, "ನೀನಿಲ್ದಿದ್ರೆ ನನ್ ಮಗ್ನೂ ಓಗ್ಬುಡ್ತಿದ್ದ ಕಣವ್ವ, ಓದ್ದೋರು ಓದ್ದೋರೆಯ" ಅಂತ ಕಾಲು ಮುಟ್ಟಲು ಬರುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತದೆ. ಮೊನ್ನೆ ಸಿಡುಕಿ ಕಳಿಸಿದೆ, ಪಾಪ.

ಇಲ್ಲಿಗೆ ನಿಲ್ಲಿಸುತ್ತೇನೆ. ಅಪ್ಪನಿಗೆ ಊಟಕ್ಕಿಡಬೇಕು.

ಸೋಮವಾರ ಸಂಜೆ

ಮುಂದುವರಿಸುತ್ತಿದ್ದೇನೆ. ಆಸ್ಪತ್ರೆಯ ವಿಷಯ ಬರೆಯದೆ ಬಿಟ್ಟರೆ ಕಾಗದ ಪೂರ್ತಿಯಾಗುವುದಿಲ್ಲ.

ಹಾಸನದಲ್ಲಿ ಒಂಬತ್ತು ದಿನ ನಾವಿಬ್ಬರೂ ಐಸಿಯು ಬಾಗಿಲಲ್ಲಿ ಒಂದೇ ಬೆಂಚಿನ ಮೇಲೆ ಕೂತಿದ್ದೆವು. ಮೂರನೇ ದಿನ ಒಳಗೆ ಬಿಟ್ಟಾಗ ನೀನು ಅವನ ಎದೆ ನೋಡಿ ನನ್ನ ಕೈ ಹಿಡಿದುಕೊಂಡೆ. "ಅಕ್ಕಾ, ನೋಡಿ, ಉಸಿರಾಡ್ತಾ ಇದಾರೆ! ಎಷ್ಟ್ ಚೆನ್ನಾಗಿ ಉಸಿರಾಡ್ತಾ ಇದಾರೆ!" ಅಂದೆ. ನಿನ್ನ ಮುಖದಲ್ಲಿ ಮೂರು ದಿನದಲ್ಲಿ ಮೊದಲ ಸಲ ಕಳೆ ಬಂದಿತ್ತು. ನನ್ನ ಬಾಯಿಗೆ ಬೆಂಕಿ ಬೀಳಾ, ನಾನು ಏನು ಹೇಳಿದೆ? "ಅದು ಮಿಷಿನ್ನು ಗಾಳಿ ತಳ್ತಿರೋದು ಸಿಂಧು. ಗಾಳಿ ಹೋಗಿ ಬಂದರೆ ಉಸಿರಾಟ ಅಲ್ಲ. ಮಿದುಳಿನ ಜೀವಕೋಶ ಉಸಿರಾಡ್ತಾ ಇಲ್ಲ" ಅಂದೆ. ಹತ್ತನೇ ಕ್ಲಾಸಿನ ಜೀವಕ್ರಿಯೆಗಳು ಪಾಠದ ಮೊದಲ ದಿನ ಬೋರ್ಡಿನ ಮೇಲೆ ಬರೆಸುವ ವಾಕ್ಯವದು. ನೀನು ನನ್ನ ಕೈ ಬಿಟ್ಟು "ನೀವು ಮನುಷ್ಯರೇನಕ್ಕಾ?" ಅಂದೆ.

ಅಲ್ಲ ಅನ್ನಿಸುತ್ತದೆ, ಒಂದೊಂದು ಸಲ. ಅವನಿಗೆ ಆರು ವರ್ಷವಿದ್ದಾಗ ಅವ್ವ ಹೋದಳು. ತಲೆ ಬಾಚಿದ್ದು, ಚಡ್ಡಿ ಹಾಕಿದ್ದು, ಅಕ್ಷರ ತಿದ್ದಿಸಿದ್ದು ಎಲ್ಲ ನಾನೇ. ಮಗ್ಗಿ ತಪ್ಪಿದರೆ ಹೊಡೆದವಳೂ ನಾನೇ. ಅವನು ಸಾಯುತ್ತಿದ್ದಾನೆ ಅಂತ ನನಗೆ ಮೊದಲ ದಿನವೇ ಗೊತ್ತಿತ್ತು, ಗೊತ್ತಿದ್ದದ್ದನ್ನು ಒಬ್ಬಳೇ ಹೊರಲಾರದೆ ನಿನ್ನ ತಲೆಯ ಮೇಲೆ ಇಳಿಸಿದೆ. ಅದಕ್ಕೆ ಕ್ಷಮಿಸು. ನೀನು ಇನ್ನೂ ಆರು ದಿನ ಅವನು ಉಸಿರಾಡುತ್ತಿದ್ದಾನೆ ಅಂದುಕೊಂಡಿರಬಹುದಿತ್ತು, ನಾನು ಅದನ್ನು ಕಿತ್ತುಕೊಂಡೆ. ಒಂಬತ್ತನೇ ದಿನ ಹೃದಯ ತಾನಾಗಿಯೇ ನಿಂತಿತು. ಮಿಷಿನ್ನು ಮಾತ್ರ ಅದರ ಪಾಡಿಗೆ ಎದೆಯನ್ನು ಎತ್ತಿ ಇಳಿಸುತ್ತಲೇ ಇತ್ತು, ನರ್ಸು ಬಂದು ಆಫ್ ಮಾಡಿದರು.

ಇನ್ನು ತಿಥಿಯ ದಿನ. ಹಟ್ಟಿ ತುಂಬ ಜನ. ಮೂಲೆಮನೆಯ ದೊಡ್ಡತಾಯಮ್ಮ ಅಜ್ಜಿ ಕೋಲೂರಿಕೊಂಡು ಬಂದವಳೇ ಕಂಬಳಿಯ ಮೇಲೆ ಕೂತಿದ್ದ ಅಪ್ಪನ ಎದುರು ನಿಂತು ಕೇಳಿದಳು: "ಅಲ್ಲ ಕಣ್ಲಾ ಕೆಂಪಣ್ಣ, ನಿಮ್ಮಪ್ಪನ ಕಾಲದಿಂದ್ಲೂ ನೋಡಿವ್ನಿ, ನಿಮ್ಮಟ್ಟೀಲಿ ದೀಪ ಬುಡ್ದೆ ಒಬ್ರೂ ಇಳಿದೋರಲ್ಲ. ಅವತ್ತು ದೀಪ ಬುಟ್ಟಿದ್ದೇನ್ಲಾ?"

ಅಪ್ಪ ತಲೆ ಎತ್ತಲಿಲ್ಲ. "ಇಲ್ಲ ಕಣಮ್ಮ. ಮರ್ತೆ" ಅಂದ.

ಆಗ ನೀನು ಬಾಗಿಲಲ್ಲಿದ್ದೆ. ನೀನು ಕೇಳಿಸಿಕೊಂಡೆ, ನಿಮ್ಮ ತಂದೆ ಕೇಳಿಸಿಕೊಂಡರು, ಊರೇ ಕೇಳಿಸಿಕೊಂಡಿತು. ಪೊಲೀಸಿನವರಿಗೂ ಅವನು ಅದನ್ನೇ ಹೇಳಿದ್ದನಂತೆ. ಅಲ್ಲಿಂದ ಶುರು. ಟೀ ಅಂಗಡಿಯ ಮುಂದೆ ಹೋದರೆ ಮಾತು ನಿಲ್ಲುತ್ತದೆ. ಚಲುವಯ್ಯ, ಅದೇ ಅಪ್ಪನ ಜೊತೆ ಐವತ್ತು ವರ್ಷ ಬೀಡಿ ಹಂಚಿಕೊಂಡ ಮನುಷ್ಯ, "ವಯಸ್ಸಾದ್ ಮ್ಯಾಲೆ ಯಜಮಾನ್ಕೆ ಬುಡ್ಬೇಕು ಕಣಪ್ಪ, ಇಲ್ದಿದ್ರೆ ಇಂಗೇಯ" ಅಂತ ಮುಖದ ಮೇಲೇ ಹೇಳಿದ. ಅಪ್ಪ "ಊಂ" ಅಂದು ಬಂದ. ಅದಕ್ಕೇ ನಾನು ಅವನನ್ನು ಊರಿಂದ ಎಬ್ಬಿಸಿಕೊಂಡು ಬಂದದ್ದು.

ಇಷ್ಟು ದಿನ ಬರೆಯದವಳು ಈಗ ಯಾಕೆ ಬರೆಯುತ್ತಿದ್ದೀಯ ಅಂತ ನೀನು ಕೇಳಬಹುದು. ಒಂದು ಕಾರಣವಿದೆ. ಇದೆಲ್ಲ ಆದಮೇಲೆ ನನ್ನನ್ನು ಅಲ್ಲಿ ಇಲ್ಲಿ ಭಾಷಣಕ್ಕೆ ಕರೆಯಲು ಶುರುಮಾಡಿದರು. ಹಗೇವು, ಹಳೇ ಬಾವಿ, ಗೊಬ್ಬರದ ಗ್ಯಾಸಿನ ಗುಂಡಿ, ಇವುಗಳಿಗೆ ಇಳಿಯುವ ಮುಂಚೆ ಏನು ಎಚ್ಚರ ಅಂತ. ಒಬ್ಬನ ಪ್ರಾಣ ಉಳಿಸಿದ ಟೀಚರು ಅಂತ ನನಗೆ ಹೆಸರು ಬಂದಿದೆ, ಅದೊಂದು ಕರ್ಮ. ಹತ್ತನೇ ತಾರೀಕು ಕಟ್ಟಾಯದಲ್ಲಿ ಹೆಣ್ಣುಮಕ್ಕಳ ಸಂಘದವರು ಕರೆದಿದ್ದರು. ಅಪ್ಪನನ್ನು ಇಡೀ ದಿನ ಒಬ್ಬನೇ ಬಿಡುವ ಹಾಗಿಲ್ಲ, ಜೊತೆಗೇ ಕರೆದುಕೊಂಡು ಹೋದೆ. ಹಿಂದಿನ ಸಾಲಿನಲ್ಲಿ ಕೂರಿಸಿದೆ.

ಅಗಲ ಬಾಯಿಯ ಗಾಜಿನ ಭರಣಿಯಲ್ಲಿ ಮೊಳಕೆ ರಾಗಿ ಹಾಕಿ ಹಿಂದಿನ ದಿನವೇ ಬಿಗಿಯಾಗಿ ಮುಚ್ಚಿಟ್ಟುಕೊಂಡು ಹೋಗಿದ್ದೆ. ಎಲ್ಲರೆದುರು ಮುಚ್ಚಳ ತೆಗೆದು, ತಂತಿಗೆ ಸಿಕ್ಕಿಸಿದ ಮೇಣದ ಬತ್ತಿ ಹಚ್ಚಿ ಒಳಗೆ ಇಳಿಸಿದೆ. ಭರಣಿಯ ಕತ್ತು ದಾಟಿತೋ ಇಲ್ಲವೋ, ತಟ್ಟನೆ ಆರಿತು. "ಅಯ್ಯೋ ಶಿವನೇ" ಅಂದರು ಹೆಂಗಸರು. "ನೋಡಿ, ಯಾರೂ ಊದಲಿಲ್ಲ. ರಾಗಿ ಉಸಿರಾಡಿ ಉಸಿರಾಡಿ ಒಳಗಿನ ಗಾಳಿಯನ್ನು ಮುಗಿಸಿದೆ" ಅಂತ ವಿವರಿಸಿದೆ. ಆಗ ಎರಡನೇ ಸಾಲಿನಲ್ಲಿದ್ದ ಸಣ್ಣಕ್ಕ ಅನ್ನುವ ಹೆಂಗಸು, ನನ್ನ ವಯಸ್ಸಿನವಳೇ, ಎದ್ದು ನಿಂತು ಕೇಳಿದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ, ನಿಜವಾಗಿ ಅರ್ಥವಾಗದೆ ಕೇಳಿದಳು. "ಇಷ್ಟೆಲ್ಲ ಗೊತ್ತಿರೋ ನಿಮ್ಮನೇಲೇ ಯಾಕಂಗಾಯ್ತು ಮಿಸ್ಸೆ?"

"ನಮ್ಮ ತಂದೆಯವರು ದೀಪ ಬಿಡುವುದನ್ನು ಮರೆತರು" ಅಂದೆ.

ಹಿಂದಿನ ಸಾಲಿನಲ್ಲಿ ಕುರ್ಚಿ ಸದ್ದಾಯಿತು. ಅಪ್ಪ ಎದ್ದು ನಿಂತಿದ್ದ. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು, ಮಾತಿಗೊಂದು ಸಲ ಉಸಿರೆಳೆದುಕೊಂಡು ಹೇಳಿದ: "ಊಂ ಕಣ್ರವ್ವಾ. ನಾನೇ ಮರ್ತೋನು. ನನ್ ಮಗನ್ನ ನಾನೇ ಕಳ್ಕಂಡೆ. ನೀವು ಮರೀಬ್ಯಾಡಿ." ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಒಬ್ಬಳು ಹೋಗಿ ಅವನಿಗೆ ನೀರು ಕೊಟ್ಟಳು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿಗೆ ಒರಗಿ ಕೂತಿದ್ದವನು, ಮಲಗಿದ್ದಾನೆ ಅಂದುಕೊಂಡಿದ್ದೆ, ಕಣ್ಣು ಬಿಡದೆಯೇ "ಚೆಂದಾಗಿ ಯೋಳ್ದೆ ಕಣವ್ವ" ಅಂದ.

ಸಿಂಧು, ಇಷ್ಟು ಅನುಭವಿಸಿದವನನ್ನು ಇನ್ನೂ ಶಿಕ್ಷಿಸಬೇಕೇ? ಹೋದವನು ನಿನಗೆ ಗಂಡ, ಅಪ್ಪನಿಗೆ ಒಬ್ಬನೇ ಮಗ. ಡಾಕ್ಟರು ನನ್ನನ್ನು ಹೊರಗೆ ಕರೆದು, ಈ ಚಳಿಗಾಲ ದಾಟಿದರೆ ನೋಡೋಣ ಅಂದಿದ್ದಾರೆ. ಮರೆತದ್ದು ಅಪರಾಧವಲ್ಲ. ಆ ಮಾತನ್ನು ನೀನು ಆಡದಿದ್ದರೂ ಬೇಡ, ಮಗುವನ್ನು ಒಂದು ಗಂಟೆ ತಂದು ಅವನ ಪಕ್ಕ ಕೂರಿಸಿದರೆ ಸಾಕು. ಬಸ್ಸಿನಲ್ಲಿ ಬರುವುದು ಕಷ್ಟವಾದರೆ ನಾನೇ ಅಪ್ಪನನ್ನು ಹೊಳೆನರಸೀಪುರಕ್ಕೆ ಕರೆತರುತ್ತೇನೆ, ನಿಮ್ಮ ಮನೆಯ ಹೊಸಲು ತುಳಿಯುವುದಿಲ್ಲ, ಹೊಳೆಯ ಹತ್ತಿರ ಎಲ್ಲಾದರೂ ಕೂರುತ್ತೇವೆ.

ಪುಟ್ಟಿ ಚೆನ್ನಾಗಿ ಓದಲಿ, ಚೆನ್ನಾಗಿ ಉಣ್ಣಲಿ. ಶೀತಕ್ಕೆ ಕಿವಿ ಮುಚ್ಚಿ ಸ್ಕೂಲಿಗೆ ಕಳಿಸು. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು. ಇನ್ನು ಮೇಲಾದರೂ ನಿಮ್ಮಿಬ್ಬರಿಗೆ ದೇವರು ಒಳ್ಳೆಯದನ್ನೇ ಕಾಣಿಸಲಿ.

ಇತಿ ನಿನ್ನ ಅಕ್ಕ,
ಸ್ನೇಹಲತಾ

ತಾ.ಕ.

ಮಂಗಳವಾರ. ಕವರು ಅಂಟಿಸಿ ಬ್ಯಾಗಿನಲ್ಲಿಟ್ಟುಕೊಂಡು ಅಂಚೆ ಕಚೇರಿಯವರೆಗೆ ಹೋಗಿ ವಾಪಸ್ಸು ಬಂದೆ. ಈಗ ಬಿಡಿಸಿ ಬರೆಯುತ್ತಿದ್ದೇನೆ. ಮೇಲಿನದ್ದನ್ನು ಹರಿದುಹಾಕಿ ಬೇರೆ ಬರೆಯಬಹುದಿತ್ತು. ಹರಿಯುವುದಿಲ್ಲ. ಕಣ್ಣೀರು ಬರುವ ಹಾಗೆ ಸುಳ್ಳು ಬರೆಯಲು ನನಗೆ ಎಷ್ಟು ಚೆನ್ನಾಗಿ ಬರುತ್ತದೆ ಅಂತ ನೀನು ನೋಡಬೇಕು.

ಅಪ್ಪ ಮರೆತಿರಲಿಲ್ಲ ಸಿಂಧು.

ಅವತ್ತು ಬೆಳಿಗ್ಗೆ ಅಪ್ಪ "ಯಾರೂ ಬಾಯ್ತಾವ್ಕೆ ಓಗ್ಬ್ಯಾಡಿ, ದೀಪ ಬುಟ್ಟು ನೋಡಾನ" ಅಂತ ಎರಡು ಸಲ ಹೇಳಿ ಬತ್ತಿ ಹೊಸೆಯಲು ಒಳಗೆ ಹೋದ. ಹಬ್ಬದ ದೀಪಕ್ಕೆ ಎಣ್ಣೆ ಮುಗಿದಿತ್ತು. ಅಡುಗೆಮನೆಯಲ್ಲಿ ಹುಡುಕುತ್ತಿದ್ದ, ಡಬ್ಬಿಗಳ ಸದ್ದು ಕೇಳುತ್ತಿತ್ತು. ನನಗೆ ಹನ್ನೊಂದರ ಬಸ್ಸು ಹಿಡಿಯುವ ಅವಸರ, ತಿದ್ದಬೇಕಾದ ಪೇಪರುಗಳಿದ್ದವು. ರೀಚಾರ್ಜ್ ಲೈಟನ್ನು ಹಗ್ಗಕ್ಕೆ ಕಟ್ಟಿ ಬಿಟ್ಟದ್ದು ಅನಿಲ್ ಅಲ್ಲ, ನಾನು. "ಅಪ್ಪ ದೀಪ ತರ್ಲಿ ತಾಳಕ್ಕ" ಅಂದ ಅವನು. "ಇದನ್ನೇ ಬಿಟ್ಟರಾಯಿತು, ಇನ್ನೂ ಚೆನ್ನಾಗಿ ಕಾಣುತ್ತೆ" ಅಂದೆ. ಕೆಳಗೆ ಅದು ಬೆಳ್ಳಗೆ ಉರಿಯುತ್ತಾ ನಿಂತಿತು. ಬ್ಯಾಟರಿಯ ಬೆಳಕಿಗೆ ಗಾಳಿ ಬೇಡ ಅಂತ ನಾಲ್ಕನೇ ಕ್ಲಾಸಿನ ಮಗುವೂ ಹೇಳುತ್ತದೆ. ಆದರೆ ಚಿಕ್ಕಂದಿನಿಂದ ಆ ಬಾಯಿಯ ಹತ್ತಿರ ನಿಂತು, ಬೆಳಕು ಆರಿತೋ ಇಲ್ಲವೋ ಅಂತ ನೋಡಿದ ಕಣ್ಣು ನನ್ನದು. ಆರಿಲ್ಲ, ಸರಿ ಅಂತ ಕಣ್ಣು ಹೇಳಿಬಿಟ್ಟಿತು. ಓದಿದ ತಲೆ ಅಡ್ಡ ಬರಲಿಲ್ಲ.

ಅವನು ಏಣಿಯ ಮೇಲೆ ಒಂದು ಕಾಲಿಟ್ಟು ನನ್ನ ಮುಖ ನೋಡಿದ. "ಇಳೀಲೇನಕ್ಕಾ?" ಅಂದ. "ಆರಿಲ್ಲವಲ್ಲ, ಇಳಿ, ನನಗೆ ಬಸ್ಸಿಗೆ ಹೊತ್ತಾಗುತ್ತೆ" ಅಂದೆ.

ಅಪ್ಪ ಅಂಗೈ ಅಡ್ಡ ಹಿಡಿದುಕೊಂಡು ದೀಪ ಹಚ್ಚಿಕೊಂಡೇ ಹೊರಗೆ ಬಂದ. ಅಷ್ಟರಲ್ಲಿ ಅವನು ಬಿದ್ದಾಗಿತ್ತು. ಅಪ್ಪ ಹಗ್ಗ ನೋಡಿದ, ಹಗ್ಗ ಹಿಡಿದಿದ್ದ ನನ್ನ ಕೈ ನೋಡಿದ. ತಿಥಿಯ ದಿನ ಜನ ಹೋದಮೇಲೆ ಕೊಟ್ಟಿಗೆಯ ಹತ್ತಿರ "ಯಾಕಪ್ಪ ಹಂಗಂದೆ" ಅಂತ ಕೇಳಿದೆ. "ಸುಮ್ಕಿರವ್ವ. ನನ್ ಮ್ಯಾಲಾದ್ರೆ ಸಿಂಧೂಗೆ ಸಿಟ್ಟು, ನಾ ಸತ್ ಮ್ಯಾಲೆ ಇಳೀತದೆ. ನಿನ್ ಮ್ಯಾಲಾದ್ರೆ ಯಾವತ್ತಿಳೀತದೆ? ಕೂಸ್ಗೆ ಅತ್ತೆ ಅಂತ ನೀನೊಬ್ಳಾರಾ ಇರ್ಬೇಡ್ವಾ" ಅಂದ. ನಾನು ಸುಮ್ಮನಿದ್ದೆ. ನಾಲ್ಕು ತಿಂಗಳು ಸುಮ್ಮನಿದ್ದೆ. ಕಟ್ಟಾಯದಲ್ಲಿ ಮಾತ್ರ ಬಾಯಿಬಿಟ್ಟು ಹೇಳಿದೆ, ಆ ಸುಳ್ಳನ್ನು.

ಈ ಪತ್ರದ ವಿಷಯ ಅಪ್ಪನಿಗೆ ಗೊತ್ತಿಲ್ಲ. ಗುರುವಾರ ರಜೆ ಹಾಕಿ ಊರಿಗೆ ಹೋಗುತ್ತೇನೆ, ದೊಡ್ಡತಾಯಮ್ಮನ ಜಗಲಿಯ ಮೇಲೆ ನಿಂತು ಹೇಳುತ್ತೇನೆ. ಸ್ಟೇಷನ್ನಿನಲ್ಲೂ ಬರೆಸುತ್ತೇನೆ. ನೀನು ನನ್ನನ್ನು ಕ್ಷಮಿಸಬೇಕಾಗಿಲ್ಲ.

ಬರುವ ಭಾನುವಾರ ಪುಟ್ಟಿಯನ್ನು ಕರೆದುಕೊಂಡು ಇಲ್ಲಿಗೆ ಬಾ. ಬೀಗದ ಕೈಗೆ ಎದುರು ಮನೆಯಲ್ಲಿ ಕೇಳುವುದು ಬೇಡ, ಅಪ್ಪನೇ ಬಾಗಿಲು ತೆಗೆಯುತ್ತಾನೆ. ನಾನು ಮನೆಯಲ್ಲಿರುವುದಿಲ್ಲ.